ಕಾಲೇಜಿನಿಂದ ಜಿನೀವಾದವರೆಗೆ: ದೇಶದೇಶಗಳ ಸಂಶೋಧನಾ ಜಾಲಗಳು ಕೂಡಿಕೊಂಡದ್ದು ಹೇಗೆ, ಅದರಿಂದ ನಮಗೆ ಸಿಗಬೇಕಾದದ್ದೇನು?

ಪ್ರಶ್ನೆ: ಭೌತಶಾಸ್ತ್ರ ಅಧ್ಯಾಪಕಿ, ಮೈಸೂರು ಭಾಗ

ನಾನು ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಕಣ ಭೌತಶಾಸ್ತ್ರ ಕಲಿಸುತ್ತೇನೆ. ಜಿನೀವಾದ ಸರ್ನ್ ಪ್ರಯೋಗಾಲಯವು 2014ರಿಂದ ತನ್ನ ಪ್ರಯೋಗಗಳ ದತ್ತಾಂಶವನ್ನು ಹಂತಹಂತವಾಗಿ ಎಲ್ಲರಿಗೂ ತೆರೆದಿಡುತ್ತಾ ಬಂದಿದೆ. ಅಲ್ಲಿನ ಸಿಎಂಎಸ್ ಪ್ರಯೋಗದವರಂತೂ 2016ರಲ್ಲಿ ಸುಮಾರು 300 ಟೆರಾಬೈಟ್‌ಗಳಷ್ಟನ್ನು ಒಮ್ಮೆಗೇ ಬಿಡುಗಡೆ ಮಾಡಿದರು. ಅದರಲ್ಲಿ ನಮಗೆ ಬೇಕಾದದ್ದು ಬೊಗಸೆಯಷ್ಟು ಮಾತ್ರ, 40 ಗಿಗಾಬೈಟ್. ಎರಡು ಮ್ಯುವಾನ್‌ಗಳ (ಎಲೆಕ್ಟ್ರಾನಿನಂಥ, ಆದರೆ ಹೆಚ್ಚು ಭಾರದ ಕಣಗಳ) ಶಕ್ತಿ ಮತ್ತು ಸಂವೇಗದಿಂದ ಆ ಜೋಡಿಯ ಅಚರ ದ್ರವ್ಯರಾಶಿಯನ್ನು ಲೆಕ್ಕ ಹಾಕಿ ನಕ್ಷೆ ಬರೆದಾಗ 91 ಜಿಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ) ಹತ್ತಿರ, ಮ್ಯುವಾನ್ ಜೋಡಿಯಾಗಿ ಒಡೆಯಬಲ್ಲ ಜೆಡ್ ಬೋಸಾನ್ ಎಂಬ ಕಣದ ಶಿಖರ ಏಳುವುದನ್ನು ವಿದ್ಯಾರ್ಥಿಗಳು ಪುಸ್ತಕದ ಚಿತ್ರದಲ್ಲಿ ನೋಡುವುದಕ್ಕೂ ತಮ್ಮ ಕೈಯಾರೆ ತೆಗೆಯುವುದಕ್ಕೂ ಬಹಳ ವ್ಯತ್ಯಾಸವಿದೆ ಎಂದು ನಾನು ನಂಬಿದ್ದೇನೆ.

ತೊಂದರೆ ಇರುವುದು ಇಲ್ಲಿ. ನಮ್ಮ ಕಾಲೇಜಿಗೆ, ದೇಶದ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ರಾಷ್ಟ್ರೀಯ ಜ್ಞಾನ ಜಾಲದ 1 ಗಿಗಾಬಿಟ್ ಸಂಪರ್ಕವಿದೆ. ಬೆಂಗಳೂರಿನ ಸರ್ವರ್ ಒಂದಕ್ಕೆ ವೇಗ ಪರೀಕ್ಷೆ ಮಾಡಿದರೆ ಸೆಕೆಂಡಿಗೆ 100 ಮೆಗಾಬಿಟ್ ಆಸುಪಾಸು ತೋರಿಸುತ್ತದೆ. ಆದರೆ ಜಿನೀವಾದಿಂದ ಕಡತ ತರಿಸಿದರೆ ಮೂರೂವರೆ ಮೆಗಾಬಿಟ್ ದಾಟುವುದಿಲ್ಲ. 40 ಗಿಗಾಬೈಟ್ ಇಳಿಯಲು ಒಂದು ಹಗಲು, ಒಂದು ರಾತ್ರಿ ಸಾಲದು, ನಡುವೆ ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ.

ಆದ್ದರಿಂದ ಎರಡು ಪ್ರಶ್ನೆಗಳು. ನಮ್ಮ ದೇಶದ ಶಿಕ್ಷಣ ಜಾಲವೂ ಯುರೋಪಿನ ಶಿಕ್ಷಣ ಜಾಲವೂ ಪರಸ್ಪರ ಜೋಡಣೆಗೊಂಡಿವೆ ಎಂದು ಓದಿದ್ದೇನೆ; ಹಾಗಿದ್ದ ಮೇಲೆ ಈ ನಿಧಾನ ಎಲ್ಲಿಂದ ಬಂತು? ಇನ್ನೊಂದು, ವಾಣಿಜ್ಯ ಇಂಟರ್ನೆಟ್ ಎಲ್ಲೆಡೆ ಇರುವಾಗ ಸಂಶೋಧನೆ ಮತ್ತು ಶಿಕ್ಷಣಕ್ಕೆಂದು ಸಮುದ್ರ ದಾಟುವ ಪ್ರತ್ಯೇಕ ಕೊಂಡಿಗಳನ್ನು ಸರ್ಕಾರಗಳು ಕಟ್ಟಿದ್ದು ಏಕೆ, ಅದರ ಹಣ ಯಾರು ಕೊಡುತ್ತಾರೆ?

ಉತ್ತರ 1: ನಿವೃತ್ತ ಜಾಲ ಎಂಜಿನಿಯರ್, ಬೆಂಗಳೂರು

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನನ್ನ ದುಡಿಮೆಯ ಬಹುಭಾಗ ಅದರೊಳಗೇ ಕಳೆಯಿತು.

ದೇಶದ ಗಡಿ ದಾಟಿದ ಕಂಪ್ಯೂಟರ್ ಜಾಲದ ಕಥೆ ವ್ಯಾಪಾರದಿಂದ ಶುರುವಾದದ್ದಲ್ಲ. ಇಂಟರ್ನೆಟ್ಟಿನ ಪೂರ್ವಜವಾದ ಅಮೆರಿಕದ ಅರ್ಪಾನೆಟ್ 1973ರಲ್ಲಿ ನಾರ್ವೆಗೂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೂ ಚಾಚಿಕೊಂಡಾಗ ಅದರ ಎರಡೂ ತುದಿಗಳಲ್ಲಿ ಇದ್ದವರು ಸಂಶೋಧಕರು. ಅನಂತರದ ಒಂದೂವರೆ ದಶಕದಲ್ಲಿ ಪ್ರತಿ ದೇಶವೂ ತನ್ನದೇ ಜಾಲವನ್ನು ತನ್ನದೇ ಭಾಷೆಯಲ್ಲಿ ಕಟ್ಟತೊಡಗಿತು. ಬ್ರಿಟನ್ನಿನ ಶಿಕ್ಷಣ ಜಾಲ ಜಾನೆಟ್ ಒಂದು ಬಗೆಯ ಪ್ರೋಟೋಕಾಲ್ (ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ನಿಯಮಗಳ ಕಟ್ಟು) ಹಿಡಿಯಿತು, ಐಬಿಎಂ ಬೆಂಬಲದ ಅರ್ನ್ ಜಾಲ ಇನ್ನೊಂದು ಬಗೆಯದು, ಯುರೋಪಿನ ಸರ್ಕಾರಗಳು ಓಎಸ್‌ಐ ಎಂಬ ಮೂರನೆಯದರ ಪರವಾಗಿದ್ದವು. ತಂತಿ ಎಳೆಯುವುದಕ್ಕಿಂತ ಒಂದು ಮಾತಿಗೆ ಬರುವುದೇ ಕಷ್ಟವಾಗಿದ್ದ ಕಾಲ ಅದು.

ಆ ಗೊಂದಲದಲ್ಲಿ ನನಗೆ ಇಂದಿಗೂ ಮಾದರಿಯಾಗಿ ಕಾಣುವುದು ಉತ್ತರ ಯುರೋಪಿನ ಐದು ಸಣ್ಣ ದೇಶಗಳು: ಡೆನ್ಮಾರ್ಕ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್, ನಾರ್ವೆ, ಸ್ವೀಡನ್. ಅವು ನಾರ್ಡುನೆಟ್ ಎಂಬ ಹೆಸರಿನಲ್ಲಿ ಒಂದಾಗಿ, ಯಾವ ಪ್ರೋಟೋಕಾಲ್ ಗೆಲ್ಲುತ್ತದೆ ಎಂದು ಕಾಯುತ್ತ ಕೂರದೆ, ಹಲವು ಪ್ರೋಟೋಕಾಲ್‌ಗಳನ್ನು ಒಂದೇ ಕೊಂಡಿಯ ಮೇಲೆ ಹಾಯಿಸುವ ವ್ಯವಸ್ಥೆ ಮಾಡಿಕೊಂಡವು. ಅಟ್ಲಾಂಟಿಕ್ ದಾಟುವ ದುಬಾರಿ ಸಂಪರ್ಕವನ್ನು ಐದು ಬೇರೆ ಬೇರೆ ಗುತ್ತಿಗೆಗಳಾಗಿ ಕೊಳ್ಳದೆ ಒಂದನ್ನೇ ಕೊಂಡು ಹಂಚಿಕೊಂಡವು. 1988ರ ಕೊನೆಯ ಹೊತ್ತಿಗೆ ಅವರ ಕೊಂಡಿ ಪ್ರಿನ್ಸ್‌ಟನ್ ಮೂಲಕ ಅಮೆರಿಕದ ಸಂಶೋಧನಾ ಜಾಲ ಎನ್‌ಎಸ್‌ಎಫ್‌ನೆಟ್ ಅನ್ನು ಮುಟ್ಟಿತ್ತು. ಐಸ್‌ಲ್ಯಾಂಡಿನಂಥ ಪುಟ್ಟ ದೇಶ ಒಂಟಿಯಾಗಿ ಇಂಥ ಸಂಪರ್ಕವನ್ನು ಕೊಳ್ಳುವುದಾದರೆ ಎಷ್ಟು ಭಾರ ಹೊರಬೇಕಾಗಿತ್ತು ಎಂದು ಒಮ್ಮೆ ಯೋಚಿಸಿ.

ನಮ್ಮಲ್ಲಿ 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲದ ಯೋಜನೆ ಆರಂಭಿಸಿತು. ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ (ಎನ್‌ಸಿಎಸ್‌ಟಿ), ಮತ್ತು ಇಲಾಖೆ, ಒಟ್ಟು ಎಂಟು ಪಾಲುದಾರರು. ನಮ್ಮವರೂ ಇಂದಿನ ಇಂಟರ್ನೆಟ್ ನಡೆಯುವ ಟಿಸಿಪಿ-ಐಪಿ ಪ್ರೋಟೋಕಾಲ್ ಮತ್ತು ಓಎಸ್‌ಐ ಎರಡನ್ನೂ ಜೊತೆಜೊತೆಗೆ ಇಟ್ಟುಕೊಂಡೇ ಮುಂದುವರಿದರು. ಮುಂಬೈಯ ಎನ್‌ಸಿಎಸ್‌ಟಿಯೇ ಹೊರಲೋಕದ ಬಾಗಿಲಾಗಿತ್ತು. ಅಲ್ಲಿಂದ ಅಮೆರಿಕದ ವರ್ಜೀನಿಯಾದ ಯೂಯೂನೆಟ್ ಎಂಬ ಜಾಲ ಸಂಸ್ಥೆಗೆ ಪತ್ರಗಳು ಹೋಗುತ್ತಿದ್ದವು. ಸಂಜೆ ಬರೆದ ಇಮೇಲ್ ಸರದಿಯಲ್ಲಿ ಕಾದು, ಒಂದು ಯಂತ್ರದಿಂದ ಮತ್ತೊಂದಕ್ಕೆ ದಾಟುತ್ತ ಹೋಗಿ, ಉತ್ತರ ಬರುವ ಹೊತ್ತಿಗೆ ಮರುದಿನವಾಗಿರುತ್ತಿತ್ತು. ಆದರೂ ಹದಿನೈದು ದಿನದ ಅಂಚೆಗೆ ಒಗ್ಗಿಹೋಗಿದ್ದ ನಮಗೆ ಅದು ಪಕ್ಕದ ಕೋಣೆಯವರೊಡನೆ ಮಾತಾಡಿದಷ್ಟು ಹತ್ತಿರ ಅನ್ನಿಸುತ್ತಿತ್ತು. 1992ರಲ್ಲಿ ಆ ಬಾಗಿಲು 64 ಕಿಲೋಬಿಟ್‌ಗೆ ಅಗಲವಾಯಿತು. ಇಡೀ ದೇಶದ ವಿದ್ವತ್ ಸಮುದಾಯಕ್ಕೆ 64 ಕಿಲೋಬಿಟ್! ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು; ಅಂದರೆ ಆವರೆಗೆ ವಿಶ್ವವಿದ್ಯಾಲಯಗಳ ಜಾಲದ ಬದಲಿಗೆ ಬಳಸಲು ಬೇರೆ ಸಾರ್ವಜನಿಕ ಇಂಟರ್ನೆಟ್ಟೇ ಇರಲಿಲ್ಲ.

ಇನ್ನು ಹಣದ ವಿಷಯ. ಆರಂಭದ ವರ್ಷಗಳಲ್ಲಿ ಏಷ್ಯಾ ಮತ್ತು ಪೆಸಿಫಿಕ್ ದೇಶಗಳು ಅಮೆರಿಕವನ್ನು ಮುಟ್ಟುವ ಕೊಂಡಿಯ ಪೂರ್ತಿ ಬಾಡಿಗೆಯನ್ನು ಸಾಮಾನ್ಯವಾಗಿ ತಾವೇ ತೆರುತ್ತಿದ್ದವು, ಆ ಕೊಂಡಿಯಿಂದ ಎರಡೂ ಕಡೆಯವರಿಗೆ ಉಪಯೋಗವಾಗುತ್ತಿದ್ದರೂ. ಎಲ್ಲ ದಾರಿಗಳೂ ಅಮೆರಿಕಕ್ಕೇ ಹೋಗುತ್ತಿದ್ದರಿಂದ ಏಷ್ಯಾದ ಎರಡು ನೆರೆ ದೇಶಗಳ ನಡುವಿನ ಸಂದೇಶ ಪೆಸಿಫಿಕ್ ಸಾಗರವನ್ನು ಎರಡು ಸಲ ದಾಟಿ ಬರುವುದೂ ಇತ್ತು. ಇದು ನ್ಯಾಯವಲ್ಲ ಎಂದು ನಮಗೆ ಆಗಲೇ ಅನ್ನಿಸುತ್ತಿತ್ತು.

ಯುರೋಪಿನವರು ಇದಕ್ಕೆ ಕಂಡುಕೊಂಡ ಪರಿಹಾರ ಒಟ್ಟಾಗಿ ಕೊಳ್ಳುವುದು. 1993ರಲ್ಲಿ ಕೇಂಬ್ರಿಜ್‌ನಲ್ಲಿ ಡಾಂಟೆ ಎಂಬ ಲಾಭರಹಿತ ಸಂಸ್ಥೆಯನ್ನು ಆಯಾ ದೇಶಗಳ ಶಿಕ್ಷಣ ಜಾಲಗಳೇ ಸೇರಿ ಕಟ್ಟಿದವು. ಹತ್ತಾರು ದೇಶಗಳ ಪರವಾಗಿ ಒಬ್ಬನೇ ಕೊಳ್ಳುಗ ಟೆಲಿಫೋನ್ ಕಂಪನಿಗಳ ಎದುರು ಕೂತಾಗ ಚೌಕಾಸಿಯ ಬಲವೇ ಬೇರೆ. ಅವರ 34 ಮೆಗಾಬಿಟ್ ಜಾಲದ ಹೆಸರು ಟೆನ್-34, ಮುಂದಿನ 155 ಮೆಗಾಬಿಟ್ ಜಾಲ ಟೆನ್-155, ಅದರ ನಂತರ ಬಂದದ್ದೇ ಇಂದಿನ ಜೆಯಾಂಟ್.

ಏಷ್ಯಾಕ್ಕೆ ಆ ದಾರಿ ತೆರೆದದ್ದು 2000ದಲ್ಲಿ ಸೋಲ್‌ನಲ್ಲಿ ನಡೆದ ಏಷ್ಯಾ-ಯುರೋಪ್ ಶೃಂಗಸಭೆ. ಟ್ರಾನ್ಸ್-ಯುರೇಷಿಯಾ ಮಾಹಿತಿ ಜಾಲ, ಅಂದರೆ ಟೀನ್, ಮೊದಲಿಗೆ ಕೊರಿಯಾ ಮತ್ತು ಫ್ರಾನ್ಸ್ ನಡುವಿನ ಒಂದೇ ಕೊಂಡಿಯಾಗಿತ್ತು. ಎರಡನೆಯ ಹಂತದಲ್ಲಿ ಆಗ್ನೇಯ ಏಷ್ಯಾ ಸೇರಿತು, ಮೂರನೆಯದರಲ್ಲಿ ಭಾರತ, ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಪಾಕಿಸ್ತಾನಗಳು ಬಂದವು, ಮುಂಬೈ ಅದರ ಒಂದು ಕೂಡುತಾಣವಾಯಿತು. ಅದಕ್ಕೂ ಮೊದಲು, 2006ರಲ್ಲಿ, ಅರ್ನೆಟ್ ಮತ್ತು ಜೆಯಾಂಟ್‌ಗಳನ್ನು ಮುಂಬೈ-ಮಿಲಾನ್ ನಡುವಿನ 45 ಮೆಗಾಬಿಟ್ ಕೊಂಡಿ ಬೆಸೆದಿತ್ತು. ಖರ್ಚಿನ ದೊಡ್ಡ ಪಾಲು ಯುರೋಪಿಯನ್ ಒಕ್ಕೂಟದ್ದಾಗಿತ್ತು, ಉಳಿದದ್ದನ್ನು ಪಾಲುದಾರ ದೇಶಗಳು ಹಾಕುತ್ತಿದ್ದವು. 2016ರಲ್ಲಿ ಏಷ್ಯಾ-ಕನೆಕ್ಟ್ ಎಂಬ ಹೆಸರಿನಲ್ಲಿ ಮುಂದುವರಿದ ಹಂತಕ್ಕೆ ಒಕ್ಕೂಟ 2 ಕೋಟಿ ಯೂರೋ ಕೊಟ್ಟಿತು. ದೇಶದೊಳಗಿನ ಹೆದ್ದಾರಿಯಾದ ರಾಷ್ಟ್ರೀಯ ಜ್ಞಾನ ಜಾಲಕ್ಕೆ ನಮ್ಮ ಕೇಂದ್ರ ಸರ್ಕಾರ 2010ರಲ್ಲಿ ಒಪ್ಪಿದ ಮೊತ್ತ 5,990 ಕೋಟಿ ರೂಪಾಯಿ.

ಪ್ರತ್ಯೇಕವಾಗಿ ಏಕೆ ಎಂದರೆ, ವಾಣಿಜ್ಯ ಜಾಲವು ಲಕ್ಷಾಂತರ ಜನರ ಸಣ್ಣ ಸಣ್ಣ ಹರಿವುಗಳನ್ನು ಎಣಿಸಿ, ಕೊಂಡಿ ಸಾಧ್ಯವಾದಷ್ಟು ತುಂಬಿರುವಂತೆ ಕಟ್ಟಲ್ಪಟ್ಟಿರುತ್ತದೆ. ಅದರ ಲಾಭ ಇರುವುದೇ ಅಲ್ಲಿ. ಸಂಶೋಧನಾ ಜಾಲದಲ್ಲಿ ಕೊಂಡಿಯ ದೊಡ್ಡ ಭಾಗವನ್ನು ಬೇಕೆಂದೇ ಖಾಲಿ ಬಿಡುತ್ತಾರೆ, ಒಬ್ಬನೇ ಸಂಶೋಧಕ ಒಂದು ರಾತ್ರಿ ಹತ್ತಾರು ಟೆರಾಬೈಟ್ ಸಾಗಿಸಬೇಕಾಗಿ ಬಂದರೆ ಜಾಗ ಇರಲೆಂದು. ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಸರ್ನ್‌ನ ಸಿಎಂಎಸ್ ಪ್ರಯೋಗಕ್ಕೂ, ಕೋಲ್ಕತ್ತದ ಸಂಶೋಧನಾ ಕೇಂದ್ರ ವಿಇಸಿಸಿ ಅಲ್ಲಿನದೇ ಆಲಿಸ್ ಪ್ರಯೋಗಕ್ಕೂ ದತ್ತಾಂಶ ಸಂಸ್ಕರಿಸುವ ಎರಡನೇ ಸ್ತರದ ಗಣನ ಕೇಂದ್ರಗಳಾಗಿರುವುದು ಇಂಥ ಕೊಂಡಿಗಳ ಬಲದಿಂದಲೇ. ಹಾಗಾಗಿ ನೀವು ತರಿಸುತ್ತಿರುವ ದತ್ತಾಂಶಕ್ಕೂ ನಮ್ಮ ದೇಶಕ್ಕೂ ನಡುವಿನ ದಾರಿ ಹೊಸದಲ್ಲ, ಕಿರಿದೂ ಅಲ್ಲ.

ಉತ್ತರ 2: ವಿಶ್ವವಿದ್ಯಾಲಯವೊಂದರ ಜಾಲ ನಿರ್ವಾಹಕ

ಹಿರಿಯರು ಹೆದ್ದಾರಿಯ ಕಥೆ ಹೇಳಿದರು. ನಿಮ್ಮ ಸಮಸ್ಯೆ ಹೆದ್ದಾರಿಯದ್ದಲ್ಲ, ಕಾಲೇಜಿನ ಗೇಟಿನದ್ದು ಎಂದು ನೀವು ಕೊಟ್ಟ ಎರಡು ಸಂಖ್ಯೆಗಳೇ ಹೇಳುತ್ತಿವೆ. ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ, ಏಕೆಂದರೆ ಇದೇ ತೊಂದರೆಯನ್ನು ನಾನು ಬೇರೆ ಕ್ಯಾಂಪಸ್‌ಗಳಲ್ಲೂ ಕಂಡಿದ್ದೇನೆ.

ಇಂಟರ್ನೆಟ್ಟಿನಲ್ಲಿ ಕಡತಗಳನ್ನು ಸಾಗಿಸುವ ಟಿಸಿಪಿ ಎಂಬ ಪ್ರೋಟೋಕಾಲ್‌ನಲ್ಲಿ ಕಳುಹಿಸುವವನು ಸ್ವಲ್ಪ ದತ್ತಾಂಶ ಕಳುಹಿಸಿ, ತಲುಪಿತು ಎಂಬ ಮರುಮಾತಿಗಾಗಿ ಕಾಯುತ್ತಾನೆ. ಮರುಮಾತು ಬರುವ ಮುನ್ನ ಎಷ್ಟು ಕಳುಹಿಸಬಹುದು ಎಂಬ ಮಿತಿಗೆ ವಿಂಡೋ ಎನ್ನುತ್ತಾರೆ. ಹಳೆಯ ನಿಯಮದಲ್ಲಿ ಅದು 64 ಕಿಲೋಬೈಟ್ ಮೀರುವಂತಿರಲಿಲ್ಲ. ಬೆಂಗಳೂರಿಗೆ ಹೋಗಿ ಬರಲು 5 ಮಿಲಿಸೆಕೆಂಡ್ ಸಾಕು. ಐದು ಮಿಲಿಸೆಕೆಂಡಿಗೆ ಒಮ್ಮೆ 64 ಕಿಲೋಬೈಟ್ ಎಂದರೆ ಸೆಕೆಂಡಿಗೆ 105 ಮೆಗಾಬಿಟ್. ಜಿನೀವಾಕ್ಕೆ ಹೋಗಿ ಬರಲು 150 ಮಿಲಿಸೆಕೆಂಡ್ ಹಿಡಿಯಿತೆಂದುಕೊಳ್ಳಿ. ಅದೇ 64 ಕಿಲೋಬೈಟ್ ಈಗ ಸೆಕೆಂಡಿಗೆ ಮೂರೂವರೆ ಮೆಗಾಬಿಟ್ ಮಾತ್ರ ಆಗುತ್ತದೆ. ನೀವು ಬರೆದ ಸಂಖ್ಯೆಗಳು ಇವೇ ಅಲ್ಲವೆ? 1 ಗಿಗಾಬಿಟ್ ಕೊಂಡಿಯನ್ನು ಅಷ್ಟು ದೂರಕ್ಕೆ ತುಂಬಿಸಬೇಕಾದರೆ ಸುಮಾರು 19 ಮೆಗಾಬೈಟ್ ಸದಾ ದಾರಿಯಲ್ಲಿರಬೇಕು.

ಈ ಮಿತಿಯನ್ನು ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಎಂಬ ಸೌಲಭ್ಯ ಇಂದಿನ ಎಲ್ಲ ಆಪರೇಟಿಂಗ್ ಸಿಸ್ಟಂಗಳಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ಹೀಗಿದ್ದೂ 64 ಕಿಲೋಬೈಟಿಗೇ ನಿಂತಿದೆ ಎಂದರೆ ನಡುವೆ ಯಾವುದೋ ಪೆಟ್ಟಿಗೆ, ಬಹುಶಃ ಒಳಹೊರಗಿನ ಸಂಚಾರವನ್ನು ಕಾಯುವ ಕಾಲೇಜಿನ ಫೈರ್‌ವಾಲ್, ಸಂಪರ್ಕ ಆರಂಭವಾಗುವಾಗಲೇ ಆ ಸೂಚನೆಯನ್ನು ಪ್ಯಾಕೆಟ್‌ನಿಂದ (ದತ್ತಾಂಶದ ಸಣ್ಣ ಪೊಟ್ಟಣದಿಂದ) ಕಿತ್ತುಹಾಕುತ್ತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುವುದು ಇದಕ್ಕೇ. ಸಂಪರ್ಕದ ಮೊದಲ ಎರಡು ಪ್ಯಾಕೆಟ್‌ಗಳನ್ನು ಫೈರ್‌ವಾಲ್‌ನ ಒಳಗೂ ಹೊರಗೂ ಹಿಡಿದು ಹೋಲಿಸಿದರೆ ಗೊತ್ತಾಗಿಬಿಡುತ್ತದೆ.

ಎರಡನೆಯದಾಗಿ ಪ್ಯಾಕೆಟ್ ನಷ್ಟ. ಹಳೆಯ ಬಗೆಯ ಟಿಸಿಪಿಯಲ್ಲಿ 10,000 ಪ್ಯಾಕೆಟ್‌ಗಳಲ್ಲಿ ಒಂದೇ ಒಂದು ಕಳೆದರೂ 150 ಮಿಲಿಸೆಕೆಂಡಿನ ದಾರಿಯಲ್ಲಿ ವೇಗ 10 ಮೆಗಾಬಿಟ್ ಸುತ್ತ ನಿಂತುಬಿಡುತ್ತದೆ. ಪಕ್ಕದ ಊರಿಗೆ ಕಳುಹಿಸುವಾಗ ಅದೇ ನಷ್ಟ ಕಣ್ಣಿಗೇ ಬೀಳುವುದಿಲ್ಲ. ಇದನ್ನು ಹುಡುಕಲೆಂದೇ ಅಮೆರಿಕದ ಸಂಶೋಧನಾ ಜಾಲಗಳಾದ ಇಎಸ್‌ನೆಟ್ ಮತ್ತು ಇಂಟರ್ನೆಟ್2, ಯುರೋಪಿನ ಜೆಯಾಂಟ್ ಮುಂತಾದವರು ಸೇರಿ ಪರ್ಫ್‌ಸೋನಾರ್ ಎಂಬ ಮುಕ್ತ ತಂತ್ರಾಂಶ ಕಟ್ಟಿದ್ದಾರೆ. ದಾರಿಯುದ್ದಕ್ಕೂ ಅಲ್ಲಲ್ಲಿ ಕೂರಿಸಿದ ಅಳತೆ ಯಂತ್ರಗಳಿಂದ ಯಾವ ದೇಶದ ಯಾವ ತುಂಡಿನಲ್ಲಿ ನಷ್ಟವಾಗುತ್ತಿದೆ ಎಂದು ನೋಡಬಹುದು. ಅಂತರರಾಷ್ಟ್ರೀಯ ಸಹಕಾರ ಎಂದಾಗ ಒಪ್ಪಂದಕ್ಕೆ ಸಹಿ ಹಾಕುವ ಮಂತ್ರಿಗಳ ಚಿತ್ರ ಕಣ್ಣ ಮುಂದೆ ಬರುತ್ತದೆ. ನನ್ನ ಮಟ್ಟಿಗೆ ಅದು, ನನ್ನ ಅಳತೆಯನ್ನು ನೋಡಿ ಇನ್ನೊಂದು ಖಂಡದ ಎಂಜಿನಿಯರ್ ಅದೇ ದಿನ ತನ್ನ ಕಡೆಯ ಕೊಳೆಯಾದ ಫೈಬರ್ ತುದಿಯನ್ನು ಒರೆಸಿ ಉತ್ತರ ಬರೆದದ್ದು. ವಾಣಿಜ್ಯ ಸೇವೆಯಲ್ಲಿ ನಾನು ಅವನ ಗ್ರಾಹಕನೇ ಅಲ್ಲ, ನನ್ನ ಪತ್ರಕ್ಕೆ ಅವನು ಉತ್ತರಿಸಬೇಕಾಗಿರಲಿಲ್ಲ.

ಕೊನೆಯದಾಗಿ, ನಿಮ್ಮ ಕಾಲೇಜಿಗೆ ಎರಡು ಸಂಪರ್ಕಗಳಿದ್ದರೆ, ಹೊರಹೋಗುವ ದಾರಿ ಯಾವುದು ಎಂದು ಟ್ರೇಸ್‌ರೂಟ್ (ಪ್ಯಾಕೆಟ್ ಹಾದುಹೋಗುವ ದಾರಿಯನ್ನು ತೋರಿಸುವ ಆಜ್ಞೆ) ಮಾಡಿ ನೋಡಿ. ಸಂಶೋಧನಾ ಕೊಂಡಿ ಸುಮ್ಮನೆ ಬಿದ್ದಿದ್ದು, ಎಲ್ಲವೂ ವಾಣಿಜ್ಯ ಕೊಂಡಿಯಲ್ಲೇ ಹೋಗುತ್ತಿರುವ ಕ್ಯಾಂಪಸ್‌ಗಳು ಇವೆ.

ಉತ್ತರ 3: ನೆದರ್‌ಲ್ಯಾಂಡ್ಸ್‌ನಲ್ಲಿರುವ ಸಂಶೋಧನಾ ವಿದ್ಯಾರ್ಥಿ, ಊರು ಧಾರವಾಡ

ಮೊದಲ ಉತ್ತರದ ಒಂದು ಅಂಶವನ್ನು ನಾನು ಪೂರ್ತಿ ಒಪ್ಪಲಾರೆ. ಬ್ಯಾಂಡ್‌ವಿಡ್ತ್ ಕೊರತೆಯೇ ಪ್ರತ್ಯೇಕ ಜಾಲಕ್ಕೆ ಕಾರಣವಾಗಿದ್ದ ಕಾಲ ಹೋಯಿತು. ಇಂದು ವಿದ್ಯಾರ್ಥಿಗಳು ಬಳಸುವ ಹೆಚ್ಚಿನದು ವಿಡಿಯೊ ಮತ್ತು ಕ್ಲೌಡ್ ಸೇವೆಗಳು, ಅವು ವಾಣಿಜ್ಯ ಜಾಲದಲ್ಲೇ ಚೆನ್ನಾಗಿ ಬರುತ್ತವೆ. ಟೆರಾಬೈಟ್‌ಗಟ್ಟಲೆ ಸಾಗಿಸುವ ಪ್ರಯೋಗಾಲಯಗಳು ಎಣಿಕೆಗೆ ಸಿಗುವಷ್ಟೇ. ಸಾಮಾನ್ಯ ಅಧ್ಯಾಪಕರಿಗೂ ವಿದ್ಯಾರ್ಥಿಗೂ ಈ ಸಹಕಾರ ಇಂದು ನಿಜವಾಗಿ ಕೊಡುತ್ತಿರುವುದು ಪರಸ್ಪರ ನಂಬಿಕೆಯ ವ್ಯವಸ್ಥೆಯನ್ನು.

ಎಡುರೋಮ್ ಅನ್ನೇ ನೋಡಿ. 2002ರ ಸುಮಾರಿಗೆ ಇಲ್ಲಿನ ಸರ್ಫ್‌ನೆಟ್ ಜಾಲದ ಕ್ಲಾಸ್ ವೀರೆಂಗಾ ಮುಂದಿಟ್ಟ ವಿಚಾರ ಅದು. ನಾನು ಯಾವುದೇ ಸದಸ್ಯ ವಿಶ್ವವಿದ್ಯಾಲಯಕ್ಕೆ ಹೋದರೂ ನನ್ನ ಲ್ಯಾಪ್‌ಟಾಪ್ ತಾನಾಗಿಯೇ ಅಲ್ಲಿನ ವೈಫೈಗೆ ಸೇರುತ್ತದೆ. ಅಲ್ಲಿನ ಸರ್ವರ್ ನನ್ನ ವಿಳಾಸದ ಕೊನೆಯ ಭಾಗವನ್ನು ನೋಡಿ ಕೋರಿಕೆಯನ್ನು ದೇಶದ ಸರ್ವರ್‌ಗೆ, ಅದು ನನ್ನ ಮನೆಯ ವಿಶ್ವವಿದ್ಯಾಲಯಕ್ಕೆ ದಾಟಿಸುತ್ತದೆ. ಪಾಸ್‌ವರ್ಡ್ ಪರಿಶೀಲನೆ ನಡೆಯುವುದು ಮನೆಯಲ್ಲೇ, ಅತಿಥೇಯರಿಗೆ ಸಿಗುವುದು ಹೌದು ಅಥವಾ ಅಲ್ಲ ಎಂಬ ಉತ್ತರ ಮಾತ್ರ. ಭಾರತದಲ್ಲಿ ಇದನ್ನು ನಡೆಸುವುದು ಅದೇ ಅರ್ನೆಟ್. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಸಂಸ್ಥೆಯೊಂದರ ಅಂಗಳಕ್ಕೆ ಕಾಲಿಟ್ಟಾಗ ಡಚ್ ಖಾತೆಯಿಂದ ಫೋನ್ ತಾನೇ ಸಂಪರ್ಕ ಪಡೆದದ್ದನ್ನು ಕಂಡು ನನಗಾದ ಸಂತೋಷವನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಇದಕ್ಕೆ ಹೆಚ್ಚು ಬ್ಯಾಂಡ್‌ವಿಡ್ತ್ ಬೇಡ. ಸಾವಿರಾರು ಸಂಸ್ಥೆಗಳು ಒಬ್ಬರ ಮಾತನ್ನು ಇನ್ನೊಬ್ಬರು ನಂಬಲು ಒಪ್ಪಬೇಕು, ಅಷ್ಟೇ.

ಆದರೆ ಕೇಬಲ್‌ನ ಕಾಲ ಮುಗಿಯಿತು ಎಂದೂ ನಾನು ಹೇಳುತ್ತಿಲ್ಲ. ಯುರೋಪ್ ಮತ್ತು ದಕ್ಷಿಣ ಅಮೆರಿಕದ ನಡುವಿನ ಬಹುಪಾಲು ಸಂಚಾರ ಬಹುಕಾಲ ಉತ್ತರ ಅಮೆರಿಕವನ್ನು ಸುತ್ತಿ ಹೋಗುತ್ತಿತ್ತು. ಜೆಯಾಂಟ್ ಮತ್ತು ಲ್ಯಾಟಿನ್ ಅಮೆರಿಕದ ಶಿಕ್ಷಣ ಜಾಲ ರೆಡ್‌ಕ್ಲಾರಾ ಸೇರಿ ಬೆಲ್ಲಾ ಯೋಜನೆಯ ಮೂಲಕ, ಪೋರ್ಚುಗಲ್‌ನ ಸೀನೆಶ್‌ನಿಂದ ಬ್ರೆಜಿಲ್‌ನ ಫೊರ್ಟಲೇಜಾಕ್ಕೆ ಎಳೆದ ಎಲ್ಲಾಲಿಂಕ್ ಕೇಬಲ್‌ನಲ್ಲಿ ದೀರ್ಘಕಾಲದ ಪಾಲನ್ನು ಮುಂಚಿತವಾಗಿಯೇ ಕೊಂಡರು. 2021ರಲ್ಲಿ ಅದು ಸೇವೆಗೆ ಬಂತು. ವಾಣಿಜ್ಯ ಕೇಬಲ್‌ಗೆ ಮೊದಲ ಗಟ್ಟಿ ಗಿರಾಕಿಯಾಗಿ ಸಂಶೋಧನಾ ಜಾಲಗಳು ನಿಂತ ಉದಾಹರಣೆ ಇದು, ನನಗೆ ಬಹಳ ಮೆಚ್ಚಿಗೆಯಾದದ್ದು.

ಉತ್ತರ 4: ನಿವೃತ್ತ ಜಾಲ ಎಂಜಿನಿಯರ್

ಧಾರವಾಡದ ಗೆಳೆಯರ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ನಂಬಿಕೆಯ ವ್ಯವಸ್ಥೆ ಇಂದಿನ ದೊಡ್ಡ ಲಾಭ ಹೌದು. ಆದರೆ ಆ ನಂಬಿಕೆ ಬೆಳೆದದ್ದು ಹತ್ತಾರು ವರ್ಷ ಒಟ್ಟಿಗೆ ಕೊಂಡಿ ಕೊಂಡು, ಒಟ್ಟಿಗೆ ಬಿಲ್ ಕಟ್ಟಿ, ರಾತ್ರಿ ಕೇಬಲ್ ತುಂಡಾದಾಗ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟ ಅದೇ ಜನರ ನಡುವೆ. ಟೆರಾಬೈಟ್ ಸಾಗಿಸುವವರು ಎಣಿಕೆಗೆ ಸಿಗುವಷ್ಟೇ ಎಂಬ ಮಾತಿಗೆ ಈ ಚರ್ಚೆಯ ಪ್ರಶ್ನೆಯೇ ಉತ್ತರ: ಮೈಸೂರು ಭಾಗದ ಕಾಲೇಜೊಂದು ಈಗ ಸರ್ನ್‌ನ ದತ್ತಾಂಶ ಕೇಳುತ್ತಿದೆ. ಎಂಬತ್ತರ ದಶಕದ ಆ ಎಂಟು ಪಾಲುದಾರರಲ್ಲಿ ಇಂಥ ಕಾಲೇಜು ಒಂದೂ ಇರಲಿಲ್ಲ.

ಪ್ರಶ್ನೆ ಕೇಳಿದವರಿಂದ: ಭೌತಶಾಸ್ತ್ರ ಅಧ್ಯಾಪಕಿ

ಎಲ್ಲರಿಗೂ ಕೃತಜ್ಞತೆಗಳು. ನಿರ್ವಾಹಕರು ಹೇಳಿದಂತೆ ನಮ್ಮ ಕಂಪ್ಯೂಟರ್ ವಿಭಾಗದ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಂಡು ಪ್ಯಾಕೆಟ್‌ಗಳನ್ನು ಹಿಡಿದು ನೋಡಿದೆವು. ಒಳಗಿನಿಂದ ಹೊರಟ ಮೊದಲ ಪ್ಯಾಕೆಟ್‌ನಲ್ಲಿ ವಿಂಡೋ ಸ್ಕೇಲಿಂಗ್ ಸೂಚನೆ ಇತ್ತು, ಫೈರ್‌ವಾಲ್‌ನ ಹೊರಗೆ ಅದೇ ಪ್ಯಾಕೆಟ್‌ನಲ್ಲಿ ಇರಲಿಲ್ಲ. ಯಾವಾಗಲೋ ಹಾಕಿದ ನಿಯಮವೊಂದು ಹಾಗೆಯೇ ಉಳಿದುಕೊಂಡಿತ್ತು. ಅದನ್ನು ತೆಗೆಯಲು ಅನುಮತಿ ಪಡೆಯುವುದಕ್ಕೆ ನಾಲ್ಕು ದಿನ, ತೆಗೆಯುವುದಕ್ಕೆ ಎರಡು ನಿಮಿಷ ಬೇಕಾಯಿತು. ನಿನ್ನೆ ಸಂಜೆ ಅದೇ 40 ಗಿಗಾಬೈಟ್ ಅರ್ಧ ಗಂಟೆಯಲ್ಲಿ ಇಳಿಯಿತು. ಟ್ರೇಸ್‌ರೂಟ್ ಮಾಡಿದಾಗ ದಾರಿ ಜ್ಞಾನ ಜಾಲದ ಮೂಲಕವೇ ಹೋಗುತ್ತಿರುವುದೂ ಖಚಿತವಾಯಿತು.

ಎಡುರೋಮ್ ನಮ್ಮ ಕಾಲೇಜಿನಲ್ಲಿ ಇಲ್ಲ ಎಂಬುದು ಈ ಚರ್ಚೆಯಿಂದಲೇ ನನಗೆ ತಿಳಿಯಿತು. ಅರ್ನೆಟ್‌ಗೆ ಅರ್ಜಿ ಹಾಕಲು ಪ್ರಾಂಶುಪಾಲರು ಒಪ್ಪಿದ್ದಾರೆ. ಪದವಿ ಕಾಲೇಜಿನ ಮಟ್ಟದಲ್ಲಿ ಅದನ್ನು ಸ್ಥಾಪಿಸಿದವರು ಇಲ್ಲಿ ಯಾರಾದರೂ ಇದ್ದರೆ ಸರ್ವರ್ ಸಿದ್ಧತೆಯ ಬಗ್ಗೆ ದಯವಿಟ್ಟು ಬರೆಯಿರಿ. ಸೋಮವಾರ ಬೆಳಗ್ಗೆ ಹನ್ನೆರಡು ವಿದ್ಯಾರ್ಥಿಗಳು ಮ್ಯುವಾನ್ ಜೋಡಿಗಳ ನಕ್ಷೆಗೆ ಕೂರುತ್ತಾರೆ. ಇಳಿಸಿದ ಕಡತಗಳನ್ನು ನಮ್ಮ ವಿಭಾಗದ ಸರ್ವರ್‌ನಲ್ಲಿ ಇಟ್ಟಿದ್ದೇವೆ. ಜ್ಞಾನ ಜಾಲದಲ್ಲಿರುವ ಬೇರೆ ಕಾಲೇಜಿನವರಿಗೆ ಬೇಕಿದ್ದರೆ ಜಿನೀವಾದವರೆಗೆ ಹೋಗದೆ ಇಲ್ಲಿಂದಲೇ ತೆಗೆದುಕೊಳ್ಳಬಹುದು.